ಗುರುವಾರದ ಬಸುರಿಯರು

“ಮಕ್ಳೇ ಇಲ್ದೋಳ್ಗೆ ತಿಂಗ್ ತಿಂಗ್ಳೂ ಎರ್ಗೆ ನೋವು ಬತ್ತದಲ್ಲಮ್ಮಿ, ನೀನ್ಯಾವ ಸೀಮೆ ಗೊಡ್ಡೆಮ್ಮೆ? ಏಳ್ಲೇ ಮುಂಡೆ, ಲಾರಿ ಬರೋ ಒತ್ತಾಯ್ತು.”

ಜಮೀನಿನ ಗೌಡ ಚೌಡಯ್ಯ ಬದುವಿನ ಮೇಲೆ ನಿಂತುಕೊಂಡೇ ಕೊಡೆಯ ತುದಿಯಿಂದ ಮಲ್ಲಿಗಮ್ಮನ ಬೆನ್ನು ತಿವಿದ. ಅವಳು ಕಬ್ಬಿನ ತರಗಿನ ಮೇಲೆ ಮಂಡಿ ಮಡಚಿ ಬಿದ್ದುಕೊಂಡಿದ್ದಳು. ಎರಡೂ ಮುಷ್ಟಿಗಳನ್ನು ಕಿಬ್ಬೊಟ್ಟೆಗೆ ಒತ್ತಿ, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಸುತ್ತ ಕಬ್ಬು ಕಡಿಯುತ್ತಿದ್ದ ಆಳುಗಳ ಮಚ್ಚುಗಳು ನಿಲ್ಲಲಿಲ್ಲ. ಎರಡು ಸಾಲು ಆಚೆ ಅವಳ ಗಂಡ ಚಿಕ್ಕಬೋರಯ್ಯನೂ ತಲೆ ಎತ್ತದೆ ಕಡಿಯುತ್ತಲೇ ಇದ್ದ. ಸಾಲು ಬಿಟ್ಟು ಬಂದರೆ ನಾಳೆಯಿಂದ ಇಬ್ಬರಿಗೂ ಕೆಲಸವಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮಲ್ಲಿಗಮ್ಮ ಎದ್ದಳು. ಜಲ್ಲೆಗಳ ಹೊರೆ ಕಟ್ಟಿ ತಲೆಗೇರಿಸಿಕೊಂಡಳು. ಸೀರೆಯ ಹಿಂದೆ ಆಗಿದ್ದ ಕಲೆ ನೋಡಿ ಲಾರಿಯ ಮೇಲಿದ್ದವನೊಬ್ಬ ನಕ್ಕ.

ಮದುವೆಯಾಗಿ ಎಂಟು ವರ್ಷವಾಗಿತ್ತು. ಮೊದಮೊದಲು ತಡೆಯುವಷ್ಟಿದ್ದ ನೋವು ವರ್ಷದಿಂದ ವರ್ಷಕ್ಕೆ ಬಲಿಯಿತು. ಮುಟ್ಟಿನ ಮೂರು ದಿನ ಯಾರೋ ಒಳಗೆ ಕೈ ಹಾಕಿ ಕರುಳನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದರು. ಅತ್ತೆ ಓಮದ ಕಷಾಯ ಕುಡಿಸಿದಳು, ಕಾಯಿಸಿದ ಇಟ್ಟಿಗೆಗೆ ಬಟ್ಟೆ ಸುತ್ತಿ ಹೊಟ್ಟೆಯ ಮೇಲೆ ಇಟ್ಟಳು. ಊರಿನ ಪೂಜಾರಿ ಗುಡಿಯಿಂದ ಹತ್ತು ಮಾರು ದೂರ ನಿಲ್ಲಿಸಿ, ಹುತ್ತದ ಮೇಲೆ ಉಚ್ಚೆ ಹೊಯ್ದಿದ್ದೀಯೆ, ಅದಕ್ಕೇ ನಾಗಪ್ಪ ಬಸುರು ಕಟ್ಟಿದ್ದಾನೆ ಎಂದ. ಅವಳು ಹೊಯ್ದಿರಲಿಲ್ಲ. ಆದರೂ ಹುತ್ತಕ್ಕೆ ಹಾಲೆರೆದು ತಪ್ಪಾಯಿತು ಎಂದು ಮೂರು ಸೋಮವಾರ ಮಣ್ಣಿಗೆ ಹಣೆ ಹಚ್ಚಿದಳು. ನೋವು ಕಡಿಮೆಯಾಗಲಿಲ್ಲ.

ಕಬ್ಬು ಕಡಿದು ಮುಗಿದ ವಾರ ಚೌಡಯ್ಯ ಚಿಕ್ಕಬೋರಯ್ಯನನ್ನು ಮನೆಯ ಹತ್ತಿರ ಕರೆಸಿದ. ಅವನ ಮಾತಿನ ಧಾಟಿಯೇ ಬೇರೆಯಾಗಿತ್ತು. ಮದ್ದೂರಿಗೆ ಪ್ರತಿ ಗುರುವಾರ ದೊಡ್ಡ ಡಾಕ್ಟರೊಬ್ಬರು ಬರುತ್ತಾರೆ, ಯೋಗಾನರಸಿಂಹ ಅಂತ, ಮಕ್ಕಳಾಗದವರನ್ನೇ ನೋಡುವುದು, ನಿನ್ನ ಹೆಂಡತಿಯನ್ನು ಕಳಿಸು, ನಾನು ಹೇಳಿದ್ದೇನೆ, ಬೆಲ್ಲದ ಗಾಡಿಯಲ್ಲಿ ಕೂತು ಹೋಗಲಿ ಎಂದ. ಚೌಡಯ್ಯನ ಎರಡನೇ ಸೊಸೆಗೂ ನಾಲ್ಕು ವರ್ಷದಿಂದ ಮಕ್ಕಳಿಲ್ಲ, ಅವಳೂ ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ನರಳುತ್ತಾಳೆ ಎಂಬುದು ಕೊಟ್ಟಿಗೆ ಗುಡಿಸುವ ಮಲ್ಲಿಗಮ್ಮನಿಗೆ ಗೊತ್ತಿತ್ತು. ತನ್ನ ಸೊಸೆಯ ಕಷ್ಟ ನೋಡಿಯೇ ಗೌಡನಿಗೆ ಕರುಣೆ ಬಂದಿರಬೇಕು ಎಂದುಕೊಂಡಳು. ಚಿಕ್ಕಬೋರಯ್ಯ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಿಮ್ಮ ಪಾದ ಬುದ್ಧಿ, ಎಂದು ಬಂದ.

ಮದ್ದೂರಿನಲ್ಲಿ ಪೇಟೆ ಬೀದಿಯ ಹಿಂದೆ ಒಂದು ಹಳೆಯ ಮನೆಯ ಮುಂದಿನ ಭಾಗವನ್ನು ಡಾಕ್ಟರು ಬಾಡಿಗೆಗೆ ಹಿಡಿದಿದ್ದರು. ಜಗಲಿಯ ಮೇಲೆ ಏಳೆಂಟು ಹೆಂಗಸರು ಕೂತಿದ್ದರು. ಎಲ್ಲರೂ ಕೂಲಿಯವರೇ. ಒಳಗೆ ಮೇಜಿನ ಮೇಲೆ ಮಲಗಿಸಿ ಡಾಕ್ಟರು ಪರೀಕ್ಷೆ ಮಾಡಿದರು. ಅವರಾದ ಮೇಲೆ ಅವರ ಹತ್ತಿರ ಕಲಿಯುತ್ತಿದ್ದ ಇಬ್ಬರು ಗಂಡಸರೂ ಒಬ್ಬರಾದ ಮೇಲೊಬ್ಬರು ಕೈಹಾಕಿ ನೋಡಿದರು. ನೋವಿಗೆ ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು. ಅವರು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಅದರಲ್ಲಿ ಅವಳಿಗೆ ತಿಳಿದದ್ದು ‘ಗುಡ್ ಕೇಸ್’ ಎಂಬ ಎರಡು ಮಾತು ಮಾತ್ರ. ಕೇಸು ಎಂದರೆ ಪೊಲೀಸಿನದು ಎಂದು ಅವಳಿಗೆ ಸ್ವಲ್ಪ ಭಯವಾಯಿತು. ನರ್ಸು ಸರಸಮ್ಮ ಅವಳ ಹೆಬ್ಬೆಟ್ಟನ್ನು ಒಂದು ಕಾಗದಕ್ಕೆ ಒತ್ತಿಸಿ, ತನ್ನ ಕೈಯನ್ನು ಸೋಪು ಹಾಕಿ ತೊಳೆದುಕೊಂಡಳು. ಮಾತ್ರೆ ದಿನಾ ತಗೋಬೇಕು, ಒಂದು ದಿನವೂ ತಪ್ಪಬಾರದು, ನೋವು ಹೋಗುತ್ತೆ ಎಂದರು ಡಾಕ್ಟರು.

“ಮಗ, ಸೋಮಿ?” ಎಂದು ಕೇಳಿದಳು.

“ಮೊದಲು ನೋವು ಹೋಗಲಿ.”

ನೋವು ಹೋಯಿತು. ಮಾತ್ರೆ ಶುರುಮಾಡಿದ ಮೇಲೆ ಮುಟ್ಟೇ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಬೆಳಿಗ್ಗೆ ಎದ್ದರೆ ವಾಂತಿ. ಎದೆ ಬಿಗಿದು ರವಿಕೆ ಸಾಲದಾಯಿತು. ಅವಳು ಯಾರಿಗೂ ಹೇಳಲಿಲ್ಲ. ಅತ್ತೆಯೇ ನೋಡಿ ಹಿಡಿದಳು. ಎಂಟು ವರ್ಷ ಗೊಡ್ಡಿ ಎಂದೇ ಕರೆದಿದ್ದ ಆ ಮುದುಕಿ, ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, “ನಿಂತದಾ ಮಗಾ?” ಎಂದಳು. ಹೌದೆನ್ನುವಂತೆ ತಲೆಯಾಡಿಸುವಾಗ ಮಲ್ಲಿಗಮ್ಮನಿಗೆ ಅಳು ಬಂತು.

ಅಂದಿನಿಂದ ಕೇರಿಯಲ್ಲಿ ಅವಳ ಹೆಸರೇ ಬದಲಾಯಿತು. ನಲ್ಲಿಯ ಹತ್ತಿರ ಅವಳ ಬಿಂದಿಗೆಗೆ ಮೊದಲ ನೀರು. ಚಿಕ್ಕಬೋರಯ್ಯ ಗದ್ದೆ ಬದುವಿನಲ್ಲಿ ಏಡಿ ಹಿಡಿದು ತಂದು, ಕಾಲುಗಳನ್ನು ಒಡೆದು ತಾನೇ ತಿನ್ನಿಸುತ್ತಿದ್ದ. ಅವನು ಕುಡಿಯುವುದನ್ನು ಬಿಟ್ಟಿರಲಿಲ್ಲ, ಆದರೆ ಕುಡಿದು ಬಂದಾಗ ಕೈ ಎತ್ತುತ್ತಿರಲಿಲ್ಲ. ಕಿಬ್ಬೊಟ್ಟೆ ತುಸು ಉಬ್ಬಿತು. ಡಾಕ್ಟರು ಮಾತ್ರೆಯನ್ನು ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ ಏರಿಸಿದರು. ತಿಂಗಳಿಗೊಂದು ಗುರುವಾರ ತೂಕ ನೋಡುವರು, ತೋಳಿನಿಂದ ರಕ್ತ ಎಳೆಯುವರು, ವಾಂತಿ ಇದೆಯಾ, ಎದೆ ನೋಯುತ್ತಾ ಎಂದು ಕೇಳಿ ಬರೆದುಕೊಳ್ಳುವರು. ಎಲ್ಲ ಸರಿಯಾಗಿ ಅದಾ ಸೋಮಿ ಎಂದು ಅವಳು ಕೇಳಿದರೆ, ಬರೆಯುತ್ತಲೇ, “ನಾವು ಅಂದ್ಕೊಂಡ ಹಾಗೇ ಇದೆ” ಎನ್ನುವರು.

ಜಗಲಿಯ ಮೇಲೆ ಉಳಿದ ಹೆಂಗಸರದೂ ಅದೇ ಸುದ್ದಿ. ಮಳವಳ್ಳಿ ಕಡೆಯ ಅಂಕಮ್ಮ ಎಂಬ ಚಿಕ್ಕ ವಯಸ್ಸಿನವಳು ಬಸುರಿನಲ್ಲಿ ಅವಳಿಗಿಂತ ಎರಡು ತಿಂಗಳು ಹಿಂದಿದ್ದಳು. ಇಬ್ಬರೂ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಡಾಕ್ಟರ ಕೈಗುಣ ಅಂದರೆ ಕೈಗುಣ, ಕೂತವರೆಲ್ಲರನ್ನೂ ಬಸುರಿ ಮಾಡಿಬಿಟ್ಟನಲ್ಲ ಎಂದು ಒಬ್ಬಳು ತಮಾಷೆ ಮಾಡಿದರೆ ಎಲ್ಲರೂ ಸೆರಗು ಮುಚ್ಚಿಕೊಂಡು ನಗುತ್ತಿದ್ದರು.

ಏಳನೇ ತಿಂಗಳಲ್ಲಿ ಕೇರಿಯ ಸೂಲಗಿತ್ತಿ ಹೊಟ್ಟೆ ನೀವಿ ನೋಡಿದಳು, ಮತ್ತೊಮ್ಮೆ ನೀವಿದಳು. ಕೂಸು ಆಡ್ತದಾ ಎಂದಳು. ಆಡ್ತದೆ ಎಂದಳು ಮಲ್ಲಿಗಮ್ಮ. ಸುಳ್ಳಲ್ಲ, ಎಡಗಡೆ ಏನೋ ಅಲುಗಿದ ಹಾಗೆ ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಸಣ್ಣ ಕೂಸು, ಹಿಂದಕ್ಕೆ ಮಲಗಿದೆ ಎಂದುಕೊಂಡು ಸೂಲಗಿತ್ತಿ ಹೋದಳು.

ಒಂಬತ್ತು ತುಂಬಿದ ಗುರುವಾರ ಡಾಕ್ಟರು, ಸಾಕು, ಇನ್ನು ಮಾತ್ರೆ ಬೇಡ ಎಂದರು. ಹೆರಿಗೆ ಹತ್ತಿರ ಬಂತೆಂದು ಅವಳು ತಿಳಿದಳು. ಐದನೆಯ ದಿನ ಮಧ್ಯಾಹ್ನ, ಅತ್ತೆ ಹಳೆಯ ಪಂಚೆಯನ್ನು ಹರಿದು ಕೂಸಿಗೆ ಬಟ್ಟೆ ಮಾಡುತ್ತಿರುವಾಗ, ತೊಡೆಯ ಮೇಲೆ ಬಿಸಿ ಇಳಿಯಿತು. ಅತ್ತೆ ಕೂಗಿಕೊಂಡಳು. ಸೂಲಗಿತ್ತಿ ಬಂದಳು. ಗಂಡಸರು ಹೊರಗೆ ಹೋದರು. ಸೂಲಗಿತ್ತಿ ರಕ್ತದ ಬಟ್ಟೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ಬೆರಳಾಡಿಸಿ ನೋಡಿದಳು, ಮತ್ತೆ ನೋಡಿದಳು.

“ಮುಟ್ಟು ಕಣವ್ವ. ಬರೀ ಮುಟ್ಟು. ಕೂಸೂ ಇಲ್ಲ, ಮಾಸೂ ಇಲ್ಲ.”

ಚಿಕ್ಕಬೋರಯ್ಯ ಹಿತ್ತಿಲ ಹುಣಸೆಮರದ ಬುಡದಲ್ಲಿ ಕೂಸು ಹೋಯಿತೆಂದುಕೊಂಡು ಆಗಲೇ ಗುಣಿ ತೋಡಿದ್ದ. ಹೂಳಲು ಏನೂ ಇರಲಿಲ್ಲ. ಗುದ್ದಲಿಯಿಂದ ಮಣ್ಣೆಳೆದು ಗುಣಿಯನ್ನು ಹಾಗೆಯೇ ಮುಚ್ಚಿದ.

ಎದ್ದು ಓಡಾಡುವಂತಾದ ದಿನ ಅವಳು ಕೊಟ್ಟಿಗೆಯ ಕೆಲಸಕ್ಕೆ ಹೋದಳು. ಹೋಗದೆ ವಿಧಿಯಿರಲಿಲ್ಲ. ಕೇರಿಯಲ್ಲಿ ಒಬ್ಬರೂ ಮಾತಾಡಿಸುತ್ತಿರಲಿಲ್ಲ. ಅತ್ತೆ ಅವಳ ತಟ್ಟೆಯನ್ನು ಕಾಲಿನಿಂದ ನೂಕುತ್ತಿದ್ದಳು. ಚೌಡಯ್ಯ ಜಗಲಿಯಿಂದಲೇ ಶುರುಮಾಡಿದ. ಒಂಬತ್ತು ತಿಂಗಳು ನಾಟಕ ಆಡಿದೆಯಲ್ಲೇ ಬಡ್ಡೆತ್ತದ್ದೆ, ಹೊರೆ ಹೊರಲ್ಲ ಅಂದೆ, ಬಗ್ಗಲ್ಲ ಅಂದೆ, ಕೊನೆಗೆ ಏನು ಹೆತ್ತೆ, ಮುಟ್ಟಿನ ಬಟ್ಟೇನಾ, ಎಂದ. ಅವಳು ಸಗಣಿ ಬಾಚುತ್ತಲೇ ಇದ್ದಳು. ಬೈದು ಮುಗಿಸಿ ಅವನು ಹತ್ತಿರ ಬಂದು ದನಿ ತಗ್ಗಿಸಿದ.

“ಅದಿರ್ಲಿ. ಆ ಮಾತ್ರೆ ನುಂಗ್ದಾಗ ಕಾಲು ಊದ್ತಾ? ಕಣ್ಣು ಅಳ್ದಿ ಆಯ್ತಾ?”

“ಯಾಕ್ ಬುದ್ಧಿ?”

“ನಮ್ ಸೊಸೇಗೂ ಅದ್ನೇ ಕೊಡ್ತಾರಂತೆ. ಮುಟ್ಟು ನಿಲ್ತದೆ, ವಾಂತಿ ಆಯ್ತದೆ, ಬಸ್ರೀ ತರ್ಲೇ ಕಾಣ್ತದೆ, ಆದ್ರೆ ಬಸ್ರಲ್ಲ, ಗಾಬ್ರಿ ಬೀಳ್ಬ್ಯಾಡಿ ಅಂತ ಡಾಕ್ಟ್ರು ನಮ್ಗೆ ಮೊದ್ಲೇ ಏಳವ್ರೆ. ಮೊದ್ಲು ಆಳ್ಗೋಳ್ಗೆ ಕೊಟ್ಟು ನೋಡಿ, ಆಮ್ಯಾಕೆ ನಮ್ಮನೆಗೆ ಕೊಡಿ ಅಂದಿದ್ದೆ. ನಿಂಗೇನೂ ಆಗ್ನಿಲ್ಲ ಅಂದ್ರೆ ಅವ್ಳಿಗೂ ಆಗಕಿಲ್ಲ.”

ಮಲ್ಲಿಗಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ನಂಗೇನೂ ಆಗ್ನಿಲ್ಲ ಬುದ್ಧಿ ಎಂದಳು.

ಗುರುವಾರ ಬೆಲ್ಲದ ಗಾಡಿಗೆ ಕಾಯಲಿಲ್ಲ. ತಮ್ಮೂರು ಸೋಮನಹಳ್ಳಿಯಿಂದ ಮದ್ದೂರಿನವರೆಗೆ ಬಿಸಿಲಿನಲ್ಲಿ ನಡೆದೇ ಹೋದಳು. ಜಗಲಿಯ ಮೇಲೆ ಕೂತವರನ್ನು ಕಣ್ಣೆತ್ತಿ ನೋಡದೆ ಸೀದಾ ಒಳಗೆ ಹೋಗಿ ನಿಂತಳು. ಸರಸಮ್ಮ ತಡೆದಳು, ಡಾಕ್ಟರೇ ಬಿಡು ಎಂದರು. ರಕ್ತ ಎಷ್ಟು ದಿನ ಹೋಯಿತು, ನೋವು ಎಷ್ಟಿತ್ತು ಎಂದು ಕೇಳಿ ಬರೆದುಕೊಂಡರು. ನೋವು ಮೊದಲಿನಷ್ಟಿಲ್ಲ ಎಂದು ಅವಳು ಇದ್ದದ್ದನ್ನೇ ಹೇಳಿದಳು. ಅವರ ಮುಖ ಅರಳಿತು.

ಆಮೇಲೆ ಅವಳು, ಗೌಡ ಹೇಳಿದ್ದು ದಿಟವಾ ಎಂದು ಕೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿದರು. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ಗರ್ಭಕೋಶದ ಒಳಗೆ ಇರಬೇಕಾದ ಪೊರೆ ನಿನಗೆ ಹೊರಗೆಲ್ಲ ಬೆಳೆದಿದೆ, ತಿಂಗಳು ತಿಂಗಳೂ ಅದೂ ರಕ್ತ ಬಿಡುತ್ತೆ, ಹೋಗಲು ದಾರಿಯಿಲ್ಲದೆ ಒಳಗೇ ಹೆಪ್ಪಾಗುತ್ತೆ, ನೋವಿಗೂ ಮಕ್ಕಳಾಗದ್ದಕ್ಕೂ ಅದೇ ಕಾರಣ ಇರಬಹುದು. ಮಾತ್ರೆ ಕೊಟ್ಟು, ಬಸುರಾಗಿದೆ ಅಂತ ಮೈಗೆ ನಂಬಿಸಿದರೆ ಅದು ಒಣಗುತ್ತೆ. ಮುಂದೆ ನಿನಗೆ ಮಗು ಆದರೂ ಆಗಬಹುದು, ಎಂದರು.

“ಮೈಗೆ ನಂಬ್ಸುದ್ರಿ, ಸರಿ. ನನ್ನ ಯಾಕೆ ನಂಬ್ಸುದ್ರಿ ಸೋಮಿ?”

“ನೀನು ಬಸುರಿ ಅಂತ ನಾನು ಒಂದು ದಿನವಾದರೂ ಹೇಳಿದೀನಾ?”

ಅವಳು ಯೋಚಿಸಿ ನೋಡಿದಳು. ಹೇಳಿರಲಿಲ್ಲ.

“ಅಲ್ಲ ಅಂತ್ಲೂ ಏಳ್ನಿಲ್ಲ. ಗೌಡ್ರ ಸೊಸೇಗೆ ಏಳುದ್ರಿ.”

“ಹೇಳಿದ್ರೆ ನಿಮಗೆ ಅರ್ಥ ಆಗುತ್ತಾ? ಬಸುರಾಗದ ಮಾತ್ರೆ ಅಂದಿದ್ರೆ ಒಂಬತ್ತು ತಿಂಗಳು ನುಂಗ್ತಿದ್ರಾ?” ಎಂದ ಡಾಕ್ಟರು ಸರಸಮ್ಮನ ಕಡೆ ಕೈ ನೀಡಿದರು. ಅವಳು ಇನ್ನೊಂದು ಕಾಗದವನ್ನೂ ಮಸಿಯ ಡಬ್ಬಿಯನ್ನೂ ತಂದಿಟ್ಟಳು. ಪೊರೆ ಒಣಗಿದೆಯೋ ಇಲ್ಲವೋ ಎಂದು ಹೊಟ್ಟೆ ಕೊಯ್ದು ನೋಡಬೇಕಂತೆ. ಮುಂದಿನ ತಿಂಗಳು ಬೊಂಬಾಯಿಯಲ್ಲಿ ದೊಡ್ಡ ಡಾಕ್ಟರುಗಳ ಮುಂದೆ ಅದನ್ನೆಲ್ಲ ಓದಬೇಕಂತೆ. ಸರಸಮ್ಮ ಹೆಬ್ಬೆಟ್ಟು ಹಿಡಿಯಲು ಬಂದಳು. ಮಲ್ಲಿಗಮ್ಮ ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ನರ್ಸು ಬೆರಳು ಬಿಡಿಸಲು ನೋಡಿದಳು. ಕಬ್ಬು ಕಡಿಯುವ ಕೈ, ಬಿಚ್ಚಲಾಗಲಿಲ್ಲ. ಡಾಕ್ಟರು, ಮೂರ್ಖಳೇ, ನಿನಗೇ ನಷ್ಟ ಎಂದರು.

ಅವಳು ಹೊರಗೆ ಬಂದು ಜಗಲಿಯ ಮೇಲೆ ಹೆಂಗಸರ ನಡುವೆ ಕುಸಿದು ಕೂತಳು. ಐದು ಜನ ಇದ್ದರು. ಒಬ್ಬಳು ಸರಿದು ಜಾಗ ಕೊಟ್ಟು, ಕೂಸೆಲ್ಲಿ ಅಕ್ಕಯ್ಯ, ಮನೇಲಿ ಬುಟ್ಟು ಬಂದ್ಯಾ ಎಂದು ನಗುತ್ತ ಕೇಳಿದಳು. ಹೇಳದೆ ಎದ್ದು ಹೋಗಿಬಿಡೋಣವೆಂದು ಮಲ್ಲಿಗಮ್ಮನಿಗೆ ಅನ್ನಿಸಿತು. ಅವಳಿಗೆ ಅಷ್ಟು ಸುಸ್ತಾಗಿತ್ತು. ಆದರೆ ಹೇಳಿದಳು. ಗುಣಿಯನ್ನೂ ಹೇಳಿದಳು, ಗೌಡನ ಸೊಸೆಯನ್ನೂ ಹೇಳಿದಳು. ಮುಗಿದ ಮೇಲೆ ಒಬ್ಬಳು, ನಿಂಗೆ ಉಳೀನಿಲ್ಲ ಅಂತ ನಮ್ಗೂ ಉಳೀಬಾರ್ದಾ, ಬಾಯಿ ಬಿದ್ದೋಗ ಎಂದು ಅವಳ ಕಾಲ ಹತ್ತಿರ ಉಗಿದಳು. ಇನ್ನೊಬ್ಬಳು ಮಡಿಲಿನಿಂದ ಮಾತ್ರೆಯ ಪೊಟ್ಟಣ ತೆಗೆದು ತಿರುವಿ ತಿರುವಿ ನೋಡಿದಳು. ಆಮೇಲೆ ಎದ್ದು ಒಳಗೆ ನಡೆದಳು. ಅವಳ ಹಿಂದೆ ಮತ್ತಿಬ್ಬರು ಎದ್ದರು. ಸ್ವಲ್ಪ ಹೊತ್ತಿಗೆ ಉಗಿದವಳೂ ಎದ್ದಳು. ಒಳಗೆ ಏನೋ ಉರುಳಿತು. ಹೆಂಗಸರ ದನಿ ಏರಿತು. ಪೊಲೀಸರನ್ನು ಕರೆಸುತ್ತೇನೆ ಎಂದು ಡಾಕ್ಟರು ಹೇಳುವುದು ಕೇಳಿತು.

ಅಂಕಮ್ಮ ಮಾತ್ರ ಎದ್ದಿರಲಿಲ್ಲ. ತವರಿನವರು ತೊಡಿಸಿದ ಹಸಿರು ಬಳೆ ಮೊಣಕೈವರೆಗೆ ಇತ್ತು. ಅವಳು ಪೊಟ್ಟಣ ಬಿಚ್ಚಿ ಅಂದಿನ ನಾಲ್ಕು ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡಳು.

“ಬ್ಯಾಡ ಕನವ್ವ,” ಎಂದಳು ಮಲ್ಲಿಗಮ್ಮ.

“ನಮ್ಮನೇಲಿ ಇನ್ನೊಬ್ಳ ತರಕ್ಕೆ ಎಣ್ಣು ಗೊತ್ತು ಮಾಡಿದ್ರು ಅಕ್ಕಯ್ಯ. ನಂಗೆ ನಿಂತದೆ ಅಂದ್ಮೇಲೆ ಬುಟ್ಟವ್ರೆ. ಈಗ ನಂಗೂ ಮಂಚದ್ ಮ್ಯಾಲೆ ಮನಿಕೊ ಅಂತಾರೆ.” ಅವಳು ಅಂಗೈಯನ್ನೇ ನೋಡುತ್ತಿದ್ದಳು. “ಇನ್ನೆರಡು ತಿಂಗ್ಳು ಅದೆ. ಅಲ್ಲೀಗಂಟ ಬಸ್ರಿಯಾಗೇ ಇರ್ತೀನಿ ಬುಡು.”

ನಾಲ್ಕನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ನೀರಿರಲಿಲ್ಲ. ಒಣಗಂಟಲಲ್ಲಿ ಮಾತ್ರೆ ಸಿಕ್ಕಿಕೊಂಡು ಅವಳ ಕಣ್ಣಲ್ಲಿ ನೀರು ಬಂತು. ಮಲ್ಲಿಗಮ್ಮ ಅವಳ ಬೆನ್ನು ನೀವಿದಳು, ಮಾತ್ರೆ ಇಳಿಯುವವರೆಗೂ ನೀವುತ್ತಲೇ ಇದ್ದಳು.