ಗೂಳಿಯ ಕೊನೆಯ ಅಧ್ಯಾಯ

"ಜರುಗಿ, ಜರುಗಿ, ಪುಸ್ತಕ ಬರೆದೋರು ಬಂದ್ರು!" ಎಂದು ಕೂಗುತ್ತಾ ಸತ್ತವನ ಅಳಿಯ ಲೇಖಕನ ರಟ್ಟೆ ಹಿಡಿದು ಜನರ ನಡುವೆ ಎಳೆದುಕೊಂಡು ಬಂದ. ಬಾಗಿಲಲ್ಲೇ ನಿಂತು, ಸತ್ತವನ ಮುಖ ನೋಡಿ, ಸದ್ದಿಲ್ಲದೆ ಜಾರಿಕೊಳ್ಳುವುದು ಲೇಖಕನ ಲೆಕ್ಕಾಚಾರವಾಗಿತ್ತು. ಅವನು ಬಂದದ್ದು ದುಃಖಕ್ಕಲ್ಲ, ಖಾತ್ರಿಗೆ.

ಖಾತ್ರಿಯಾಯಿತು. ಗೂಳಿ ಪೆಟ್ಟಿಗೆಯಲ್ಲಿ ಮಲಗಿದ್ದ. ಬಡಗಿ ಅಳತೆಯಲ್ಲಿ ಜಿಪುಣತನ ಮಾಡಿದ್ದರಿಂದ ಭುಜಗಳು ಎರಡೂ ಕಡೆ ಒತ್ತಿಕೊಂಡು, ಸತ್ತ ಮೇಲೂ ಯಾರ ಮೇಲೋ ಏರಿಹೋಗಲು ಸಿದ್ಧನಾದವನಂತೆ ಕಾಣುತ್ತಿದ್ದ. ಊರಿನ ಅರ್ಧ ಬೀರು, ಮಂಚ, ಫ್ರಿಜ್ಜುಗಳು ಒಂದಲ್ಲ ಒಂದು ದಿನ ಆ ಬೆನ್ನೇರಿ ಮನೆ ಬದಲಿಸಿದ್ದವು. ಮನೆ ಸಾಮಾನು ಸಾಗಿಸುವ ಅವನ ತಂಡದವರು ಗೋಡೆಗೊರಗಿ ಸಾಲಾಗಿ ನಿಂತಿದ್ದರು. ಹೊರಲು ಭಾರವಿಲ್ಲದಾಗ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಕಡ್ಡಿ ಅಣ್ಣಾ," ಎಂದಳು ಗೂಳಿಯ ಹೆಂಡತಿ. ಶಾಲೆ ಬಿಟ್ಟ ಮೇಲೆ ಆ ಅಡ್ಡಹೆಸರಿನಿಂದ ಲೇಖಕನನ್ನು ಯಾರೂ ಕರೆದಿರಲಿಲ್ಲ. "ನಿಮಗೇ ಕಾಯ್ತಿದ್ವಿ. ನಿಮ್ಮ ಪುಸ್ತಕದ ಕೊನೇ ಪಾಠ ಕಡ್ಡಿ ಬಾಯಲ್ಲೇ ಓದಿಸಿ, ಆಮೇಲೆ ನನ್ನ ಎತ್ತಿ ಅಂತ ಹೇಳಿ ಹೋಗಿದಾರೆ. ನೀವು ಓದಿದ್ರೇನೇ ಪೆಟ್ಟಿಗೆ ಮುಚ್ಚೋದು."

ಅವನನ್ನು ಒಂದು ಕುರ್ಚಿಯ ಮೇಲೆ ಕೂರಿಸಿದರು. ಕೆಂಪು ರಟ್ಟಿನ ಪುಸ್ತಕವೊಂದು ಅವನ ಮಡಿಲಿಗೆ ಬಂತು. ಅವನದೇ ಪುಸ್ತಕ.

"ಎಂಥಾ ಕೊನೆ ಬರೆದಿದೀರಿ ಸಾರ್!" ಎಂದ ತಂಡದ ಮೇಸ್ತ್ರಿ. "ಅಣ್ಣ ಮೊದಲೆಲ್ಲ ಬಾಯಿ ಬಿಟ್ರೆ ಬೈಗುಳ, ಕೈ ಬಿಟ್ರೆ ಏಟು. ಇದನ್ನ ಕೇಳಿದ ಮೇಲೆ ಮೆತ್ತಗಾದ. ಮೊನ್ನೆ ಹೊಸಬನೊಬ್ಬ ಕನ್ನಡಿ ಬೀರುನ ಮೆಟ್ಟಿಲ ಮೇಲಿಂದ ಬಿಟ್ಟ. ಪುಡಿಪುಡಿ. ಇವನ ಕಥೆ ಮುಗೀತು ಅಂದ್ಕೊಂಡ್ವಿ. ಅಣ್ಣ ಕೈ ಎತ್ತಿದೋನು ಹಂಗೇ ತಲೆ ಕೆರ್ಕೊಂಡ. 'ಪುಸ್ತಕದಲ್ಲಿ ನಾನು ಹಂಗಿಲ್ಲ ಕಣ್ರೋ' ಅಂದ."

ಪುಸ್ತಕದಲ್ಲಿ ಗೂಳಿ ಹಾಗೆಯೇ ಇದ್ದ. ಕೊನೆಯ ಅಧ್ಯಾಯದಲ್ಲಂತೂ ಅವನ ಗತಿ ನಾಯಿಗೂ ಬೇಡ.

*

ಶಾಲೆಯಲ್ಲಿ ಗೂಳಿಗೆ ಎರಡು ಡಬ್ಬಿ ಊಟ: ಒಂದು ಅವನ ತಾಯಿ ಕಟ್ಟಿದ್ದು, ಇನ್ನೊಂದು ಕಡ್ಡಿಯ ತಾಯಿ ಕಟ್ಟಿದ್ದು. ಗೂಳಿಯ ಮನೆಪಾಠವನ್ನೂ ಕಡ್ಡಿಯೇ ಬರೆಯಬೇಕಿತ್ತು. ಇಬ್ಬರ ಪಾಲಿನದನ್ನು ಬರೆದೂ ಬರೆದೂ ಕಡ್ಡಿ ಲೇಖಕನಾದ. ಒಂದಕ್ಷರವನ್ನೂ ಬರೆಯದ ಗೂಳಿಗೆ ಕೊನೆಗೆ ಓದಲೂ ಬರಲಿಲ್ಲ. ಒಂದು ಮಧ್ಯಾಹ್ನ ಗೂಳಿ ಕಡ್ಡಿಯನ್ನು ಶಾಲೆಯ ಹಿಂದಿನ ನೀರಿನ ತೊಟ್ಟಿಗೆ ತಳ್ಳಿದ. ಚಡ್ಡಿ ನೀರಲ್ಲೇ ಕಳಚಿತು. ಇಡೀ ಶಾಲೆ ಸುತ್ತ ನಿಂತು ನಕ್ಕಿತು.

ದೊಡ್ಡವನಾದ ಮೇಲೆ ಕಡ್ಡಿ ಮಕ್ಕಳ ಕಾದಂಬರಿ ಬರೆದ. ಅಡ್ಡಹೆಸರು ಬದಲಿಸುವ ಸೌಜನ್ಯವನ್ನೂ ತೋರಲಿಲ್ಲ. ಮಾಡಿದ್ದು ಒಂದೇ ತಿದ್ದುಪಡಿ: ತೊಟ್ಟಿಗೆ ಬೀಳುವವನು ಗೂಳಿ. ಚಡ್ಡಿ ಕಳೆದುಕೊಂಡು, ಮೊಣಕಾಲೂರಿ ಕ್ಷಮೆ ಬೇಡಿ, ಶಾಲೆ ಬಿಟ್ಟೇ ಓಡಿಹೋಗುತ್ತಾನೆ. ವಿಮರ್ಶಕರು ಅದನ್ನು ಮಕ್ಕಳಿಗೆ ಹೇಳಿದ ನೀತಿ ಎಂದರು. ನೀತಿಯೂ ಇಲ್ಲ, ಗೀತಿಯೂ ಇಲ್ಲ, ಅಪ್ಪಟ ಸೇಡು.

ಎರಡು ವರ್ಷದ ಹಿಂದೆ ಮಾರುಕಟ್ಟೆಯಲ್ಲಿ ಭಾರದ ಕೈಯೊಂದು ಅವನ ಹೆಗಲ ಮೇಲೆ ಬಿತ್ತು.

"ನಿನ್ನ ಪುಸ್ತಕ ಓದಿಸಿ ಕೇಳ್ದೆ ಕಣೋ," ಎಂದ ಗೂಳಿ. "ಕೊನೇಲಿ ನನಗೆ ಏನು ಮಾಡಿದೀಯೋ, ಸಾಯೋವರೆಗೂ ಮರೆಯಲ್ಲ. ಮನೆ ಎಲ್ಲಿ ಹೇಳು. ನಮ್ಮ ಹುಡುಗರನ್ನ ಕರ್ಕೊಂಡು ಬಂದು ಋಣ ತೀರಿಸ್ತೀನಿ."

ಕಡ್ಡಿ ತನ್ನ ಮನೆಯದೆಂದು ಹಲ್ಲಿನ ಡಾಕ್ಟರೊಬ್ಬರ ವಿಳಾಸ ಹೇಳಿ ಓಟ ಕಿತ್ತ. ಅಂದಿನಿಂದ ಆ ಮಾರುಕಟ್ಟೆಗೆ ಕಾಲಿಡಲಿಲ್ಲ. ಅವನ ಮನೆಯವರು ಎರಡು ವರ್ಷ ದೂರದ ಅಂಗಡಿಯ ಬಾಡಿದ ತರಕಾರಿ ತಿಂದರು.

*

"ಋಣ ತೀರಿಸೋಕೆ ನಿಮ್ಮ ಮನೆ ಸಾಮಾನೆಲ್ಲ ಬೇಕಾದ ಕಡೆ ಎತ್ತಿಟ್ಟು ಬರೋಣ ಅಂತ ಹೋಗಿದ್ವಿ ಸಾರ್," ಎಂದು ಮೇಸ್ತ್ರಿ ಮುಂದುವರಿಸಿದ. "ಹಲ್ಲಿನ ಡಾಕ್ಟರ್ ಸಿಕ್ಕಿದ್ರು. ಬಂದಿದ್ದು ಬಂದಾಯ್ತು ಅಂತ ಅಣ್ಣ ಒಂದು ಹಲ್ಲು ಕೀಳಿಸ್ಕೊಂಡ."

ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಜನರ ಕಾಲುಗಳ ನಡುವೆ ನುಗ್ಗಿ ಬಂದಳು. ಗೂಳಿಯ ಮೊಮ್ಮಗಳು. ಪುಟ ತೆಗೆದುಕೊಡುವ ನೆಪದಲ್ಲಿ ಲೇಖಕನ ಕಿವಿಗೆ ಬಾಯಿಟ್ಟಳು.

"ಕಡ್ಡಿ ತಾತ, ಅದರಲ್ಲಿರೋದು ಓದಬೇಡಿ."

"ಮತ್ತೇನು ಓದಲಿ?"

"ನಾನು ತಾತಂಗೆ ಬೇರೆ ಓದಿದ್ದೆ. ಗೂಳಿ ತೊಟ್ಟಿಗೆ ಬಿದ್ದ ಅಂದೆ. ತಾತ ಎದ್ದು ಕೂತು, 'ಎಲ್ರೂ ನಕ್ರಾ?' ಅಂದ್ರು. ಮುಖ ಹೆಂಗೋ ಆಗಿತ್ತು. ಯಾರೂ ನಗಲಿಲ್ಲ ಅಂದ್ಬಿಟ್ಟೆ. ಕಡ್ಡಿ ಅಂಗಿ ಬಿಚ್ಚಿ ಕೊಟ್ಟ ಅಂದೆ. ತಾತ ಊರಿಗೆಲ್ಲ ಅದನ್ನೇ ಹೇಳಿದ್ರು. ದಮ್ಮಯ್ಯ, ಅಜ್ಜಿಗೆ ಗೊತ್ತಾಗಬಾರದು."

ಲೇಖಕ ಪುಟ ನೋಡಿದ. 'ಗೂಳಿಯ ಬೆತ್ತಲೆ ಅಂಡು ಕಂಡು ಇಡೀ ಶಾಲೆ ಕೇಕೆ ಹಾಕಿ ನಕ್ಕಿತು' ಎಂದು ಅಲ್ಲಿ ಅಚ್ಚಾಗಿತ್ತು. ಬರೆದ ದಿನ ಅವನು ಹೋಟೆಲಿಗೆ ಹೋಗಿ ಒಬ್ಬನೇ ಸಿಹಿ ತಿಂದಿದ್ದ. ಈಗ ಪುಸ್ತಕವನ್ನು ಮುಖದ ಹತ್ತಿರ ಹಿಡಿದ.

"ಇಡೀ ಶಾಲೆಯಲ್ಲಿ," ಎಂದು ಓದಿದ, "ಯಾರೂ ನಗಲಿಲ್ಲ."

ಗೋಡೆಯ ಸಾಲು ಒಟ್ಟಿಗೆ ತಲೆದೂಗಿತು.

"ಕಡ್ಡಿ ತನ್ನ ಅಂಗಿಯನ್ನು ಬಿಚ್ಚಿ..."

"ಮೊದಲು ಕೈ ಕೊಟ್ಟು ಮೇಲೆಳೆದಿದ್ದು ಸಾರ್," ಎಂದ ಮೇಸ್ತ್ರಿ.

"ಹೌದು, ಸಾಲು ತಪ್ಪಿತು. ಕೈ ಕೊಟ್ಟು ಮೇಲೆಳೆದನು. ಅಂಗಿ ಬಿಚ್ಚಿ ಗೂಳಿಯ ಸೊಂಟಕ್ಕೆ ಸುತ್ತಿದನು."

"ಗುಂಡಿ ಕಿತ್ತುಹೋಯ್ತಲ್ಲ, ಅದನ್ನ ಬಿಟ್ರಿ," ಎಂದಳು ಹೆಂಡತಿ.

"ಬರ್ತಿದೆ ಅಮ್ಮಾ, ಕೆಳಗಿನ ಸಾಲಲ್ಲಿದೆ."

ಇಷ್ಟು ಕಟ್ಟುನಿಟ್ಟಿನ ಸಂಪಾದಕರು ಅವನಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಗುಂಡಿ ಕಿತ್ತುಹೋಯಿತು. ಇಬ್ಬರೂ ಬಿಸಿಲಲ್ಲಿ ಕೂತರು. ಮುಂದೇನೆಂದು ಲೇಖಕ ಹುಡುಗಿಯತ್ತ ನೋಡಿದ. ಅವಳು ಪೆಟ್ಟಿಗೆ ನೋಡುತ್ತಾ ಬಿಕ್ಕುತ್ತಿದ್ದಳು. ಅವಳಿಂದ ಇನ್ನು ಒಂದು ಮಾತೂ ಹೊರಡುವಂತಿರಲಿಲ್ಲ.

"ಆಗ ಗೂಳಿ..." ಎಂದು ಲೇಖಕ ತಡೆದ. ಅವನೂ ಪೆಟ್ಟಿಗೆ ನೋಡಿದ. "ಆಗ ಗೂಳಿ ಹೇಳಿದನು: 'ನೀರು ತುಂಬ ತಣ್ಣಗಿತ್ತು ಕಣೋ. ಅವತ್ತು ನಿನಗೂ ಹಿಂಗೇ ಆಗಿತ್ತೇನೋ?'"

ಮೇಸ್ತ್ರಿ ಕತ್ತು ಕೆರೆದುಕೊಂಡ.

"ಈ ಮಾತು ಅಣ್ಣ ನಮಗೆ ಹೇಳೇ ಇರಲಿಲ್ಲ."

"ನಾಚಿಕೆ ಅವರಿಗೆ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು. "ಅದನ್ನ ಮಾತ್ರ ಬಿಟ್ಟು ಹೇಳಿದಾರೆ."

ಲೇಖಕ ಪುಸ್ತಕ ಮುಚ್ಚಿದ. ಅಳಿಯ ಫೋನು ಹಿಡಿದು ಮುಂದೆ ಬಂದ. "ಯಾವ ಪುಟ ಸಾರ್? ಫೋಟೋ ತೆಗೆದು ಎಲ್ರಿಗೂ ಕಳಿಸ್ತೀನಿ."

ಹುಡುಗಿಯ ಬಿಕ್ಕು ನಿಂತಿತು. ಲೇಖಕ ಅರ್ಧ ಎದ್ದು, ಪುಸ್ತಕವನ್ನು ತಟ್ಟನೆ ಕುರ್ಚಿಗೆ ಹಾಕಿ ಅದರ ಮೇಲೆ ಕೂತುಬಿಟ್ಟ.

"ಸಾರ್, ಪುಸ್ತಕ?"

"ಆಮೇಲೆ."

"ಸರಿ, ಏಳಿ ಸಾರ್. ಹೊರಡೋ ಹೊತ್ತಾಯ್ತು."

"ಏಳಕ್ಕಾಗಲ್ಲ."

"ಯಾಕೆ?"

"ಆಗಲ್ಲ ಅಂದ್ರೆ ಆಗಲ್ಲ!"

"ಅವರನ್ನ ಯಾಕೆ ಗೋಳು ಹುಯ್ಕೋತೀರಿ?" ಎಂದು ಗೂಳಿಯ ಹೆಂಡತಿ ಅಳಿಯನನ್ನು ಗದರಿದಳು. "ದುಃಖಕ್ಕೆ ಕಾಲಲ್ಲಿ ಬಲವೇ ಇಲ್ಲ, ಪಾಪ."

"ಅದಕ್ಯಾಕೆ ಚಿಂತೆ ಅಕ್ಕಾ?" ಎಂದ ಮೇಸ್ತ್ರಿ. ಗೋಡೆಯ ಸಾಲಿನ ಕೈಗಳಿಗೆ ಕೊನೆಗೂ ಕೆಲಸ ಸಿಕ್ಕಿತ್ತು. "ನಾಲ್ಕು ಜನ ಪೆಟ್ಟಿಗೆಗೆ. ಇಬ್ಬರು ಇಲ್ಲಿ ಬನ್ರೋ, ಕುರ್ಚಿ ಸಮೇತ ಎತ್ತಿ. ಓರೆ ಮಾಡಿ, ಓರೆ! ಬಾಗಿಲು ತಾಗೀತು!"

ಮುಚ್ಚಿದ ಪೆಟ್ಟಿಗೆ ಮುಂದೆ ಹೋಯಿತು. ಅದರ ಹಿಂದೆ, ಎರಡೂ ಕೈಗಳಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡು, ನೆಲದಿಂದ ಮೊಳದೆತ್ತರದಲ್ಲಿ ಲೇಖಕ ಬೀದಿಗಿಳಿದ. ಪಕ್ಕದಲ್ಲೇ ಹುಡುಗಿ ನಡೆಯುತ್ತಿದ್ದಳು. ಅವನ ತೊಡೆಯಡಿಯಿಂದ ಕೆಂಪು ರಟ್ಟಿನ ಮೂಲೆ ಹೊರಗೆ ಇಣುಕಿದಾಗಲೆಲ್ಲ, ಅತ್ತಿತ್ತ ನೋಡಿ, ಬೆರಳಿನಿಂದ ಅದನ್ನು ಒಳಕ್ಕೆ ತಳ್ಳುತ್ತಿದ್ದಳು.