ಥರ್ಮೋಸ್ಟಾಟ್ ಕೇಳಲು ಹೋದ ಹಿರಿಯರು

ನನ್ನ ಕಾರು ಎಲ್ಲಿ ಕುದಿಯುತ್ತದೆ ಎಂಬುದು ಕೆರಕ್ ಊರಿನ ಮಕ್ಕಳಿಗೂ ಗೊತ್ತಿತ್ತು. ಮೃತ ಸಮುದ್ರದ ಮಗ್ಗುಲಿನ ಗೋರ್ ತಗ್ಗಿನಿಂದ ನಮ್ಮೂರಿಗೆ ಹತ್ತುವ ದಾರಿಯ ಹನ್ನೊಂದನೆಯ ತಿರುವಿನಲ್ಲಿ ಒಂದು ಒಂಟಿ ಜಾಲಿಮರವಿದೆ. ಜನ ಅದಕ್ಕೆ 'ಮುತ್ಲಕನ ಜಾಲಿ' ಎಂದು ಹೆಸರಿಟ್ಟಿದ್ದರು. ಉಳಿದವರ ಹೆಸರನ್ನು ಶಾಲೆಗೋ ಬೀದಿಗೋ ಇಡುತ್ತಾರೆ, ನನ್ನ ಹೆಸರನ್ನು ಕಾರು ಕೆಟ್ಟು ನಿಲ್ಲುವ ಜಾಗಕ್ಕೆ ಇಟ್ಟರು.

ಕಾರು ಏಳು ಸೀಟಿನದು, ನನ್ನ ಮದುವೆಗಿಂತ ಎರಡು ವರ್ಷ ಹಳೆಯದು. ಬೆಳಿಗ್ಗೆ ಐದು ಜನ ಟೀಚರಮ್ಮಂದಿರನ್ನು ಗೋರ್‌ನ ಹೆಣ್ಣುಮಕ್ಕಳ ಶಾಲೆಗೆ ಇಳಿಸಬೇಕು, ಮಧ್ಯಾಹ್ನ ಮತ್ತೆ ಹತ್ತಿಸಿಕೊಂಡು ಬರಬೇಕು. ನನ್ನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಐದು ಜನರಿಂದ. ಇಳಿಯುವಾಗ ಕಾರು ಬಹಳ ಸಭ್ಯಸ್ಥ. ಚಳಿಗಾಲದಲ್ಲಂತೂ ಶಾಖದ ಮುಳ್ಳು ಕೆಳಗಿನ ಗೆರೆ ಬಿಟ್ಟು ಏಳುತ್ತಲೇ ಇರಲಿಲ್ಲ, ಹೀಟರ್ ಹಾಕಿದರೆ ತಣ್ಣನೆಯ ಗಾಳಿ ಬರುತ್ತಿತ್ತು. ಹತ್ತುವಾಗ ಮಾತ್ರ ಹನ್ನೊಂದನೆಯ ತಿರುವಿನ ಹೊತ್ತಿಗೆ ಮುಳ್ಳು ಕೆಂಪಿಗೆ ಹೋಗಿ, ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಟೀಚರಮ್ಮಂದಿರು ಒಬ್ಬೊಬ್ಬರಾಗಿ ಇಳಿದು, ಜಾಲಿಯ ನೆರಳಿನಲ್ಲಿ ಕೂತು, ಮಕ್ಕಳ ನೋಟ್‌ಬುಕ್ ತಿದ್ದಲು ಶುರು ಮಾಡುತ್ತಿದ್ದರು.

ಬೇರೆ ಮೆಕ್ಯಾನಿಕ್ ಹತ್ತಿರ ಹೋಗಬಾರದಿತ್ತೇ ಎಂದು ಕೇಳುವವರಿಗೆ ನನ್ನ ಹೆಂಡತಿ ಫಿದ್ದಾ ಗೊತ್ತಿಲ್ಲ. ನನ್ನ ಮೆಕ್ಯಾನಿಕ್ ದಿಯಾಬ್ ಅವಳ ಅಣ್ಣ. ಬೇರೆಯವರ ಗ್ಯಾರೇಜಿನ ಮುಂದೆ ನನ್ನ ಕಾರು ನಿಂತ ದಿನದಿಂದ ನನ್ನ ಹಾಸಿಗೆ ಆ ಕಾರಿನಲ್ಲೇ.

ದಿಯಾಬನ ಕೈ ಒಳ್ಳೆಯದು, ಅದನ್ನು ಶತ್ರುವೂ ಒಪ್ಪುತ್ತಾನೆ. ಆದರೆ ಅವನ ಗ್ಯಾರೇಜಿನ ಬಾಗಿಲಲ್ಲಿ ತಂತಿಗೆ ಪೋಣಿಸಿದ ಥರ್ಮೋಸ್ಟಾಟ್‌ಗಳ ಒಂದು ಹಾರ ತೂಗುತ್ತಿತ್ತು. ಮೂವತ್ತು ವರ್ಷದಿಂದ ಯಾವ ಕಾರು ಬಂದರೂ ಅವನು ಮೊದಲು ಮಾಡುತ್ತಿದ್ದ ಕೆಲಸ ಥರ್ಮೋಸ್ಟಾಟ್ ಕಿತ್ತು ಆ ತಂತಿಗೆ ಏರಿಸುವುದು. ಊರಿನ ಉಳಿದ ಮೆಕ್ಯಾನಿಕ್‌ಗಳೂ ಅದನ್ನೇ ಮಾಡುತ್ತಿದ್ದರು, ಆದರೆ ಹಾರ ಮಾಡಿ ಮೆರೆಸಿದವನು ಇವನೊಬ್ಬನೇ. ಎರಡು ವರ್ಷದ ಹಿಂದೆ ನನ್ನ ಕಾರಿನದೂ ಆ ತಂತಿಗೇರಿತ್ತು.

"ಇದು ಯುರೋಪಿನವ್ರಿಗೆ ಕಣಯ್ಯ," ಎನ್ನುತ್ತಿದ್ದ. "ಅವರಲ್ಲಿ ಹಿಮ ಬೀಳತ್ತೆ, ಎಂಜಿನ್ ಬೆಚ್ಚಗಾಗ್ಲಿ ಅಂತ ನೀರಿಗೆ ಬಾಗಿಲು ಹಾಕ್ತಾರೆ. ನಮ್ಮ ಬಿಸಿಲಿಗೆ ಬಾಗಿಲು ಯಾಕೆ? ನೀರು ಧಾರಾಳವಾಗಿ ಓಡಾಡ್ಲಿ ಬಿಡು!"

ಎರಡು ವರ್ಷದಲ್ಲಿ ಅವನು ನನ್ನ ರೇಡಿಯೇಟರ್ ಬದಲಿಸಿದ, ಅದರ ಮುಚ್ಚಳ ಬದಲಿಸಿದ, ನೀರಿನ ಪಂಪು, ಫ್ಯಾನಿನ ಬೆಲ್ಟು, ಕೊನೆಗೆ ಫ್ಯಾನನ್ನೇ ಬದಲಿಸಿದ. ಫಿದ್ದಾ ದೃಷ್ಟಿಗೆಂದು ಕನ್ನಡಿಗೆ ನೀಲಿ ಮಣಿ ಕಟ್ಟಿದಳು. ಕಾಫಿ ಅಂಗಡಿಯಲ್ಲಿ ಕೂತವರೆಲ್ಲ ವೈದ್ಯರಾದರು. ಅವರಲ್ಲೊಬ್ಬ ಹೇಳಿದ, "ಹತ್ತೋವಾಗ ಹೀಟರ್ ಹಾಕು ಮಾರಾಯ. ಎಂಜಿನ್ ಬಿಸಿಯೆಲ್ಲ ಒಳಗೆ ಬಂದು ಎಂಜಿನ್ ತಣ್ಣಗಾಗತ್ತೆ."

ಅದು ಸುಳ್ಳಲ್ಲ. ಆದ್ದರಿಂದ ಮೇ ತಿಂಗಳ ಒಂದು ಗುರುವಾರ, ಗೋರ್‌ನಲ್ಲಿ ನಲವತ್ತೆರಡು ಡಿಗ್ರಿ ಇದ್ದಾಗ, ಐದು ಜನ ಟೀಚರಮ್ಮಂದಿರನ್ನು ಕೂರಿಸಿಕೊಂಡು ನಾನು ಹೀಟರ್ ಹಾಕಿದೆ. ಎಂಟನೆಯ ತಿರುವಿಗೆ ಸಂಗೀತದ ಟೀಚರ್ ಅಳಲು ಶುರು ಮಾಡಿದರು. ಹನ್ನೊಂದಕ್ಕೆ ಕಾರು ಎಂದಿನಂತೆ ಕುದಿಯಿತು, ಒಳಗಿದ್ದವರೂ ಕುದಿದರು.

ಮುಂದಿನ ಸೀಟಿನ ಹಿಯಾಮ್ ಟೀಚರ್ ವಿಜ್ಞಾನ ಹೇಳಿಕೊಡುವವರು, ಮಾತು ಕಡಿಮೆ. ಅವತ್ತು ಕೆಳಗಿಳಿದವರು ಬಾನೆಟ್ ಎತ್ತಿಸಿ, ಕರವಸ್ತ್ರ ಸುತ್ತಿದ ಕೈಯಿಂದ ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಪೈಪು ಮುಟ್ಟಿದರು. ಆಮೇಲೆ ಕರವಸ್ತ್ರ ತೆಗೆದು ರೇಡಿಯೇಟರಿನ ಕೆಳಭಾಗವನ್ನೇ ಬರಿಗೈಯಲ್ಲಿ ಮುಟ್ಟಿದರು.

"ಎಂಜಿನ್ ಕುದೀತಿದೆ, ರೇಡಿಯೇಟರ್ ಉಗುರುಬೆಚ್ಚಗಿದೆ," ಎಂದರು. "ನೀರು ಇಲ್ಲಿಗೆ ಬರ್ತಾನೇ ಇಲ್ಲ ಮುತ್ಲಕ್. ಎಂಜಿನ್ ಒಳಗೇ ಸುತ್ತು ಹೊಡೀತಿದೆ. ಥರ್ಮೋಸ್ಟಾಟ್ ಎಲ್ಲಿ?"

"ಹಾರದಲ್ಲಿದೆ," ಎಂದೆ.

ಅವರು ನನ್ನನ್ನು ದಡ್ಡ ಹುಡುಗಿಯ ಉತ್ತರಪತ್ರಿಕೆ ನೋಡುವಂತೆ ನೋಡಿದರು. ಆಮೇಲೆ ವಿವರಿಸಿದರು. ಈ ಎಂಜಿನ್ನಿನಲ್ಲಿ ನೀರಿಗೆ ಎರಡು ದಾರಿ. ಒಂದು ರೇಡಿಯೇಟರಿಗೆ, ಇನ್ನೊಂದು ಪಕ್ಕದ ಒಳದಾರಿ. ನೀರು ಕಾದಾಗ ಥರ್ಮೋಸ್ಟಾಟ್ ದೊಡ್ಡ ದಾರಿ ತೆರೆದು, ತನ್ನ ಕೆಳಗಿನ ಬಿಲ್ಲೆಯಿಂದ ಒಳದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಒಳದಾರಿ ಸದಾ ತೆರೆದೇ ಇರುತ್ತದೆ. ಸುಲಭದ ದಾರಿ ಇರುವಾಗ ನೀರು ಕಷ್ಟದ ದಾರಿ ಹಿಡಿಯುವುದಿಲ್ಲ.

"ಭಾನುವಾರ ಮತ್ತೆ ಇಲ್ಲಿ ನಿಂತ್ರೆ, ಸೋಮವಾರದಿಂದ ನಾವೆಲ್ಲ ಖಲ್ಲಾಫನ ಮಿನಿಬಸ್ಸಿಗೆ," ಎಂದು ಮಾತು ಮುಗಿಸಿದರು. ಖಲ್ಲಾಫನ ಮಿನಿಬಸ್ಸು ಹೊಸದು, ಅದರಲ್ಲಿ ಏಸಿ ಇತ್ತು. ಶುಕ್ರವಾರ, ಶನಿವಾರ ನಮ್ಮಲ್ಲಿ ಶಾಲೆಗೆ ರಜೆ, ನನಗಿದ್ದದ್ದು ಆ ಎರಡೇ ದಿನ.

ಸಂಜೆ ದಿಯಾಬನಿಗೆ ಇದನ್ನು ಹೇಳಿದ್ದೇ ತಡ, ಅವನು ಸ್ಪ್ಯಾನರ್ ನೆಲಕ್ಕೆ ಎಸೆದ. "ಟೀಚರಮ್ಮ ನನಗೆ ಪಾಠ ಮಾಡ್ತಾಳಾ? ಮೂವತ್ತು ವರ್ಷ ಕಣೋ! ತಂತಿಗೆ ಹೋದದ್ದು ವಾಪಸ್ ಬರಲ್ಲ."

ಹೊಸದನ್ನು ತರೋಣವೆಂದರೆ ನಮ್ಮೂರಿನ ಯಾವ ಅಂಗಡಿಯಲ್ಲೂ ಥರ್ಮೋಸ್ಟಾಟ್ ಮಾರುವುದಿಲ್ಲ. ಕೇಳುವವರೇ ಇಲ್ಲದ ಮೇಲೆ ಯಾರು ಮಾರುತ್ತಾರೆ? ನನ್ನ ಮುದಿ ಕಾರಿನದಂತೂ ರಾಜಧಾನಿ ಅಮ್ಮಾನಿನಲ್ಲೂ ಸಿಗುವುದಿಲ್ಲ. ಇರುವುದು ಒಂದೇ, ದಿಯಾಬನ ಹಾರದಲ್ಲಿ, ಅಂಚಿಗೆ ಕೆಂಪು ಬಣ್ಣ ಬಳಿದದ್ದು.

ರಾತ್ರಿ ಊಟಕ್ಕೆ ಕೂತಾಗ ಫಿದ್ದಾ ಹೇಳಿದಳು, "ನಮ್ಮಣ್ಣ ನಿನ್ ಮಾತು ಕೇಳಲ್ಲ, ನನ್ ಮಾತೂ ಕೇಳಲ್ಲ. ಜಾಹಾ ಕರ್ಕೊಂಡು ಹೋಗು."

"ಥರ್ಮೋಸ್ಟಾಟಿಗೆ ಜಾಹಾನಾ? ಹುಚ್ಚು ಹಿಡೀತೇನೇ ನಿಂಗೆ?"

"ಹಿರಿಯರು ಮನೆಗೆ ಬಂದು ಕಾಫಿ ಮುಟ್ಟದೆ ಕೂತ್ರೆ ಅವನಿಗೆ ಇಲ್ಲ ಅನ್ನೋಕಾಗತ್ತಾ? ಹೇಳು ನೋಡೋಣ."

ಆಗುವುದಿಲ್ಲ. ಹೆಣ್ಣು ಕೇಳುವುದಿರಲಿ, ಜಗಳ ತೀರಿಸುವುದಿರಲಿ, ನಮ್ಮಲ್ಲಿ ಹಿರಿಯರ ಜಾಹಾ ಹೊರಟಿತೆಂದರೆ ಎದುರಿನವನು ಸೋತ ಹಾಗೆ. ಕೇಳಿದ್ದು ಕೊಡುತ್ತೇನೆ ಎನ್ನುವ ತನಕ ಹಿರಿಯರು ಅವನ ಕಾಫಿ ಕುಡಿಯುವುದಿಲ್ಲ. ಮುಂದಿಟ್ಟ ಕಾಫಿ ಆರಿ, ಹಿರಿಯರು ಎದ್ದು ಹೋದರೆ ಆ ಮನೆಯವನು ಆಮೇಲೆ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ.

ಶುಕ್ರವಾರ ನಮಾಜಿನ ನಂತರ ಆರು ಜನ ಹಿರಿಯರನ್ನು ಕಟ್ಟಿಕೊಂಡು ಹೊರಟೆ. ಮುಂದಾಳು ಹಾಜಿ ಸುವೈಲಿಮ್. ಎಂಬತ್ತಮೂರು ವಯಸ್ಸು, ನೂರಾರು ಜಾಹಾ ನಡೆಸಿದ ಬಾಯಿ, ಆದರೆ ಕಿವಿ ಎರಡೂ ಹೋಗಿದ್ದವು. ದಾರಿಯುದ್ದಕ್ಕೂ ಅವರ ಕಿವಿಯಲ್ಲಿ ಕೂಗಿದೆ.

"ಥರ್ಮೋಸ್ಟಾಟ್, ಹಾಜಿ!"

"ತಮಾಮಾ? ಒಳ್ಳೆ ಹೆಸರು. ಯಾವ ಮನೆತನ?"

"ಮನೆತನ ಅಲ್ಲ ಹಾಜಿ, ವಿದೇಶದ್ದು!"

"ವಿದೇಶದವಳಾ? ಇರ್ಲಿ ಬಿಡು, ಗುಣ ಮುಖ್ಯ."

ನಾನು ಕೈಚೆಲ್ಲಿದೆ. ದಿಯಾಬ್ ಬಾಗಿಲಲ್ಲಿ ನಮ್ಮನ್ನು ನೋಡಿ ಬೆಪ್ಪಾದ. ಅವನಿಗೆ ಮದುವೆಯ ವಯಸ್ಸಿನ ಮಗಳಿಲ್ಲ, ಯಾರೊಂದಿಗೂ ಜಗಳವಿಲ್ಲ. ಆದರೂ ಪದ್ಧತಿಯಂತೆ ಕೂರಿಸಿದ, ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿ ಕೊಟ್ಟ. ಹಾಜಿ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದಿಟ್ಟರು. ಉಳಿದ ಐವರೂ ಇಟ್ಟರು. ದಿಯಾಬನ ಮುಖ ಬಿಳುಚಿತು.

ಹಾಜಿ ಗಂಟಲು ಸರಿಮಾಡಿಕೊಂಡರು. "ದಿಯಾಬ್, ನಿನ್ನ ಮನೆ ಮರ್ಯಾದೆಯ ಮನೆ. ಬಹಳ ವರ್ಷದಿಂದ ನಿನ್ನ ಹತ್ರ ಒಬ್ಬಳು ವಿದೇಶದ ಹುಡುಗಿ ಇದ್ದಾಳೆ. ಅವಳನ್ನ ನಮ್ಮ ಮುತ್ಲಕನಿಗೆ ಕೊಡಬೇಕು ಅಂತ ಕೇಳೋಕೆ ಬಂದಿದೀವಿ."

ಒಳಗೆ ಅಡುಗೆಮನೆಯಲ್ಲಿ ದಿಯಾಬನ ಹೆಂಡತಿಯ ಕೈಯಿಂದ ತಟ್ಟೆ ಬಿತ್ತು. ತಟ್ಟೆಯ ಹಿಂದೆಯೇ ಅವಳ ದನಿ ಬಂತು: "ಯಾವ ಹುಡುಗಿ? ಎಷ್ಟು ವರ್ಷದಿಂದ?"

"ಥರ್ಮೋಸ್ಟಾಟ್!" ಎಂದು ನಾನು ಕಿರುಚಿದೆ. "ನನ್ನ ಕಾರಿನ ಥರ್ಮೋಸ್ಟಾಟ್ ಕಣ್ರಪ್ಪಾ! ಹಾರದಲ್ಲಿರೋದು, ಕೆಂಪು ಅಂಚಿಂದು!"

ಹಿರಿಯರಲ್ಲೊಬ್ಬರು ಬಾಯಿಗೆ ತಲೆವಸ್ತ್ರದ ಚುಂಗು ತುರುಕಿಕೊಂಡು ನಡುಗುತ್ತಿದ್ದರು. ದಿಯಾಬ್ ಮಾತ್ರ ನಗಲಿಲ್ಲ. ಅವನ ಕಣ್ಣು ಆ ಆರು ಬಟ್ಟಲುಗಳ ಮೇಲಿತ್ತು. ಅವುಗಳ ಹಬೆ ಕಡಿಮೆಯಾಗುತ್ತಿತ್ತು.

"ಒಂದು ಷರತ್ತು," ಎಂದ ಕೊನೆಗೆ, ಹೆಣ್ಣಿನ ತಂದೆಯ ದನಿಯಲ್ಲಿ. "ದಿಯಾಬ್ ತಪ್ಪು ಮಾಡಿದ್ದ ಅಂತ ಯಾರ ಬಾಯಲ್ಲೂ ಬರಬಾರದು. ಅವತ್ತು ತೆಗೆದಿದ್ದು ಸರಿ. ಈಗ ಹವಾಮಾನ ಬದಲಾಗಿದೆ, ಅದಕ್ಕೆ ಹಾಕ್ತಿದೀನಿ. ಹಾಗೇ ಹೇಳಬೇಕು."

"ಹವಾಮಾನ ಬದಲಾಗಿದೆ," ಎಂದರು ಹಿರಿಯರು ಒಟ್ಟಿಗೆ. ನಾನೂ ಹಲ್ಲು ಕಚ್ಚಿಕೊಂಡು ಹೇಳಿದೆ. ನನ್ನ ಎರಡು ವರ್ಷದ ಹಬೆ, ಎರಡು ವರ್ಷದ ಅವಮಾನ, ಎಲ್ಲಕ್ಕೂ ಹವಾಮಾನವೇ ಕಾರಣವೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ಹಾಗಾದ್ರೆ ಕಾಫಿ ಕುಡೀರಿ. ಬಂದ ಕೆಲಸ ಆಯ್ತು."

ನಮಗಿಂತ ಮೊದಲೇ ಅಣ್ಣನ ಮನೆಗೆ ಬಂದು ಒಳಗೆ ಕೂತಿದ್ದ ಫಿದ್ದಾ ಮದುವೆಮನೆಯಲ್ಲಿ ಹಾಕುವಂತೆ ನಾಲಿಗೆ ಹೊರಳಿಸಿ ಉಲಿ ಹಾಕಿದಳು. ಅದೊಂದು ಹಾಜಿಯವರಿಗೆ ಕೇಳಿಸಿತು. "ದೇವರು ಮಕ್ಕಳು ಮರಿ ಕೊಡಲಿ," ಎಂದು ನನ್ನ ತಲೆ ಮುಟ್ಟಿ ಹರಸಿದರು.

ಶನಿವಾರ ದಿಯಾಬ್ ಆ ಥರ್ಮೋಸ್ಟಾಟನ್ನು ತೊಳೆದು, ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಒಲೆಯ ಮೇಲೆ ನೀರಿನ ಪಾತ್ರೆಗೆ ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನೀರು ಇನ್ನೇನು ಕುದಿಯಬೇಕು, ಅಷ್ಟರಲ್ಲಿ ಅದು ಮೆಲ್ಲಗೆ ಬಾಯಿ ಬಿಟ್ಟಿತು. ಜೊತೆಗೆ ಕೆಳಗಿನ ಬಿಲ್ಲೆ ಒಳದಾರಿ ಮುಚ್ಚಲೆಂದು ಕೆಳಕ್ಕೆ ಸರಿಯಿತು. ಟೀಚರಮ್ಮ ಹೇಳಿದ್ದ ಬಿಲ್ಲೆ. ದಿಯಾಬ್ ಅದನ್ನು ಎತ್ತಿ ತಣಿಸಿ, ಮತ್ತೆ ನೀರಿಗೆ ಹಾಕಿ, ಬಿಲ್ಲೆ ಸರಿಯುವುದನ್ನು ಇನ್ನೊಮ್ಮೆ ನೋಡಿದ.

ಭಾನುವಾರ ಮಧ್ಯಾಹ್ನ ಹತ್ತುವಾಗ ಅವನು ಮುಂದಿನ ಸೀಟಿನಲ್ಲಿದ್ದ. ಹಿಯಾಮ್ ಟೀಚರ್ ಹಿಂದೆ ಸರಿದು ಜಾಗ ಕೊಟ್ಟಿದ್ದರು. ಏಳು, ಎಂಟು, ಒಂಬತ್ತು. ಮುಳ್ಳು ಅರ್ಧಕ್ಕೆ ಬಂತು. ಹತ್ತು. ಮುಳ್ಳು ಅಲ್ಲೇ ನಿಂತಿತು. ಹನ್ನೊಂದನೆಯ ತಿರುವಿನಲ್ಲಿ ನನ್ನ ಕಾಲು ಅಭ್ಯಾಸಬಲದಿಂದ ಬ್ರೇಕಿಗೆ ಹೋಯಿತು, ಎಳೆದುಕೊಂಡೆ. ಮುತ್ಲಕನ ಜಾಲಿ ಹಿಂದೆ ಹೋಯಿತು.

ಸಂಗೀತದ ಟೀಚರ್ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು, "ಅಯ್ಯೋ, ಹಾಗಾದ್ರೆ ನೋಟ್‌ಬುಕ್ ಎಲ್ಲಿ ತಿದ್ದೋದು?" ಎಂದು ರಾಗ ಎಳೆದರು.

ಹದಿನೈದನೆಯ ತಿರುವಿನಲ್ಲಿ ದಿಯಾಬ್ ನಿಲ್ಲಿಸಲು ಹೇಳಿದ. ಇಳಿದು ಬಾನೆಟ್ ಎತ್ತಿ ಮೇಲಿನ ಪೈಪು ಮುಟ್ಟಿ, ಸುಟ್ಟ ಕೈ ಕೊಡವಿಕೊಂಡ. ರೇಡಿಯೇಟರ್ ಮುಟ್ಟಿ, ಮತ್ತೆ ಕೈ ಕೊಡವಿಕೊಂಡ. ಬಿಸಿ ಈಗ ಹೋಗಬೇಕಾದ ಕಡೆಗೆ ಹೋಗುತ್ತಿತ್ತು. ಅವನು ಖುಷಿಪಡುತ್ತಾನೆಂದು ನಾನು ಕಾದೆ. ಅವನು ರಸ್ತೆಯ ಅಂಚಿಗೆ ಹೋಗಿ ಕೆಳಗೆ ನೋಡುತ್ತಿದ್ದ. ನಾನೂ ನೋಡಿದೆ. ನನ್ನ ಜಾಲಿಯ ಕೆಳಗೆ ಟೊಮ್ಯಾಟೊ ತುಂಬಿದ ಪಿಕಪ್ಪೊಂದು ಆಗಷ್ಟೇ ಬಂದು ನಿಂತಿತ್ತು, ಮೂತಿಯಿಂದ ಹಬೆ ಏಳುತ್ತಿತ್ತು.

"ಅದು ಅವ್ವಾದ್ ಗಾಡಿ," ಎಂದ ದಿಯಾಬ್. "ಅದರದ್ದೂ ನಾನೇ ತೆಗೆದಿದ್ದು." ಆಮೇಲೆ ದನಿ ತಗ್ಗಿಸಿದ. "ಎಷ್ಟು ಜನರನ್ನ ಈ ಬಿಸಿಲಲ್ಲಿ ನಿಲ್ಲಿಸಿದ್ನೋ ಮುತ್ಲಕ್, ಮೂವತ್ತು ವರ್ಷದಲ್ಲಿ?"

ಎರಡು ವರ್ಷದಿಂದ ಇದೇ ಗಳಿಗೆಗೆಂದು ನಾನು ಬೈಗುಳ ಕೂಡಿಟ್ಟಿದ್ದೆ. ಒಳ್ಳೊಳ್ಳೆಯವು, ಆರಿಸಿ ಆರಿಸಿ ಇಟ್ಟಿದ್ದು. ನಾಲಿಗೆಯ ತುದಿಗೂ ಬಂದವು. ಆದರೆ ಅವನ ಮುಖ ನೋಡಿ ನನಗೆ ಅಳು ಬಂದ ಹಾಗಾಯಿತು.

"ಹವಾಮಾನ ಬದಲಾಗಿದೆ ಭಾವ," ಎಂದೆ. "ಅಷ್ಟೇ."

ಅವನು ನನ್ನನ್ನು ಒಂದು ಸಲ ನೋಡಿದ. "ಹೂಂ," ಎಂದ. "ನೀರಿನ ಕ್ಯಾನ್ ಕೊಡು. ನಿಂಗೆ ಇನ್ನು ಬೇಕಾಗಲ್ಲ."

ಕ್ಯಾನು ಹೆಗಲಿಗೇರಿಸಿಕೊಂಡು ಅವನು ರಸ್ತೆ ಬಿಟ್ಟು ನೇರ ಇಳಿಜಾರಿನಲ್ಲೇ ಜಾಲಿಮರದ ಕಡೆಗೆ ಇಳಿದ. ಅವನನ್ನು ಬಿಟ್ಟು ಹೋಗುವಂತಿರಲಿಲ್ಲ, ಕಾಯುತ್ತ ನಿಂತೆ. ಕಾರಿನೊಳಗೆ ಹಿಯಾಮ್ ಟೀಚರ್ ಚೀಲದಿಂದ ನೋಟ್‌ಬುಕ್ ಕಟ್ಟು ತೆಗೆದು, ನಾಲ್ಕು ಜನರಿಗೂ ಕೆಂಪು ಪೆನ್ನು ಹಂಚಿದರು.