ಕ್ಯಾಮೆರಾ ಕಸಿದ ಅಪ್ಪ

ಮಾಕ್ ಟಿನ್-ಫುಕ್ ಹಾಂಗ್‌ಕಾಂಗಿನ ಟಿವಿ ಧಾರಾವಾಹಿಗಳಲ್ಲಿ ಮೂವತ್ತೊಂದು ವರ್ಷ ಸತ್ತವರು. ಬಾಣ ತಗುಲಿ, ವಿಷ ಕುಡಿದು, ಕೆಲವೊಮ್ಮೆ ಒಂದೇ ದಿನ ಎರಡು ಸಲ. ಸತ್ತ ದಿನ ಅಪಶಕುನ ಕಳೆಯಲೆಂದು ಸ್ಟುಡಿಯೋದವರು ದುಡ್ಡಿಟ್ಟ ಕೆಂಪು ಲಕೋಟೆ ಕೊಡುತ್ತಿದ್ದರು. ಆ ದುಡ್ಡಿನಲ್ಲಿ ಮಗಳಿಗೆ ಮೊಟ್ಟೆಯ ಸಿಹಿ ತಿನಿಸು ಬರುತ್ತಿತ್ತು. “ಅಪ್ಪಾ, ಇವತ್ತು ಸತ್ತ್ಯಾ?” ಎಂದು ಯೀ-ಲಾಮ್ ಬಾಗಿಲಲ್ಲೇ ಕುಣಿಯುತ್ತಿದ್ದಳು.

ಗುಂಪಿನಲ್ಲಿ ನಿಲ್ಲುವ ನಟರ ಕಸುಬಿನಲ್ಲಿ ಮಹಾಪಾಪ ಒಂದೇ, ಚೋಂಗ್-ಗೆಂಗ್. ಅಂದರೆ ನಾಯಕನ ಪಾಲಿನ ಕ್ಯಾಮೆರಾವನ್ನು ಕಸಿಯುವುದು. ಲೆನ್ಸು ಇತ್ತ ತಿರುಗಿತೋ, ಟಿನ್-ಫುಕ್ ಮುಖ ಅತ್ತ ತಿರುಗುತ್ತಿತ್ತು. ಆ ಹಾಳು ಚಾಳಿ ಮನೆಗೂ ಬಂತು. ಆಲ್ಬಮ್ಮಿನ ತುಂಬ ಅಪ್ಪ ಎಂದರೆ ಒಂದು ಕಿವಿ, ಅರ್ಧ ಹೆಗಲು. ಅಮ್ಮ ತೀರಿಕೊಂಡ ಮೇಲೆ ಅದನ್ನು ತಿರುವಿ ಹಾಕಿದ ಯೀ-ಲಾಮ್‌ಗೆ ಆಗ ಹೊಳೆಯಿತು. ನಾಳೆ ಅಪ್ಪನೂ ಹೋದರೆ ನೋಡಲು ಮುಖವೇ ಇಲ್ಲ! ತನ್ನ ಮದುವೆಯ ದಿನ ಅಪ್ಪನ ಮುಖ ಕಾಣುವ ಒಂದಾದರೂ ಫೋಟೋ ತೆಗೆಸಿಯೇ ಸಿದ್ಧ ಎಂದು ಹಟ ಹಿಡಿದಳು.

ಮದುವೆಯ ದಿನ ಬಂತು. ಜರಿಯ ಕೆಂಪು ಉಡುಪಿನಲ್ಲಿ ಮಂಡಿಯೂರಿ, ಪದ್ಧತಿಯಂತೆ ಅಪ್ಪನತ್ತ ಚಹಾದ ಬಟ್ಟಲು ಚಾಚಿದಳು. ಪಕ್ಕದಲ್ಲಿ ಮದುಮಗ ಹೋನ್-ಚಿಟ್ ಕೂಡ ಮಂಡಿಯೂರಿದ್ದ.

“ಅಂಕಲ್, ಇಲ್ಲಿ ನೋಡಿ!” ಎಂದಳು ಫೋಟೋ ತೆಗೆಯುವ ಹುಡುಗಿ.

ತೆಗೆದು ನೋಡಿದರೆ ಮತ್ತದೇ ಕಿವಿ.

“ಅಪ್ಪಾ, ಏನಿದು?”

“ಇವತ್ತು ನಾಯಕಿ ನೀನು ಕಣೇ. ನಾನ್ಯಾಕೆ ಅಡ್ಡ ಬರ್ಲಿ?”

“ನೀನು ಕ್ಯಾಮೆರಾ ಕಡೆ ನೋಡೋವರ್ಗೂ ನಾನು ಏಳಲ್ಲ.”

“ಮಾವಾ, ನನ್ ಮಂಡಿ ಮೇಲಾದ್ರೂ ಕರುಣೆ ಇಡಿ,” ಎಂದು ಹೋನ್-ಚಿಟ್ ನರಳಿದ.

“ನಾನೇನ್ ಮಾಡ್ಲಪ್ಪಾ, ಈ ಕತ್ತು ನನ್ ಮಾತು ಕೇಳಲ್ಲ.”

ಯೀ-ಲಾಮ್‌ಗೆ ಸಿಟ್ಟೂ ಬಂತು, ಅಳುವೂ ಬಂತು. “ಅಮ್ಮನ ಜೊತೆ ನಿಂದು ಒಂದು ಫೋಟೋನೂ ಇಲ್ಲ. ನನ್ ಜೊತೆನೂ ಬೇಡ್ವಾ? ಇವತ್ತು ನಿರ್ದೇಶಕಿ ನಾನು. ಹೇಳ್ತಿದೀನಿ, ಕ್ಯಾಮೆರಾ ಕಸ್ಕೋ!”

ಟಿನ್-ಫುಕ್ ಬಾಗಿ ಮಗಳ ಕೈಯ ಬಟ್ಟಲು ಹಿಡಿದರು. ಕತ್ತನ್ನು ಮೆಲ್ಲಗೆ ತಿರುಗಿಸಿ, ಜೀವಮಾನದಲ್ಲಿ ಮೊದಲ ಸಲ ಲೆನ್ಸನ್ನು ನೆಟ್ಟಗೆ ನೋಡಿದರು. ನಗಲು ಹೋದವರ ಕಣ್ಣು ತುಂಬಿ ಹರಿಯಿತು.

ಹುಡುಗಿ ಪಟ್ಟನೆ ಒತ್ತಿದಳು. ಆಮೇಲೆ ಪೆಚ್ಚಾದಳು. “ಅಯ್ಯೋ, ಅಂಕಲ್ ಅಡ್ಡ ಬಂದು ಮದುಮಗಳೇ ಕಾಣ್ತಿಲ್ಲ. ಇನ್ನೊಂದು ತೆಗೀಲಾ?”

“ಬೇಡ,” ಎಂದಳು ಯೀ-ಲಾಮ್.

ಈಗ ಅವಳ ಮನೆಯ ಗೋಡೆಯ ಮೇಲಿರುವ ಮದುವೆಯ ಫೋಟೋ ಅದೊಂದೇ. ಅದರ ತುಂಬ ಅಳುತ್ತ ನಗುವ ಅಪ್ಪನ ಮುಖ. ಅವರ ಪಕ್ಕದಲ್ಲಿ ಮದುಮಗಳ ಒಂದು ಕಿವಿ, ಅರ್ಧ ಕೆಂಪು ಹೆಗಲು.